ಮರಳುವ ಹೊಣೆ ಯಾರದು? ಜೆ-1 ವೀಸಾದ ಎರಡು ವರ್ಷದ ನಿಯಮದ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಭಾರತ ಸರ್ಕಾರದ ಶಿಕ್ಷಣ ಸಚಿವರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ವಿದೇಶಾಂಗ ವ್ಯವಹಾರಗಳ ಸಚಿವರು,
ಹಾಗೂ ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಗಳು

ಮಾನ್ಯರೇ,

2016ರ ಜೂನ್ ತಿಂಗಳಲ್ಲಿ, ಅಡಿಕೆ ತೋಟಕ್ಕೆ ಮೊದಲ ಸುತ್ತಿನ ಬೋರ್ಡೋ ದ್ರಾವಣ ಹೊಡೆಸಬೇಕಾದ ದಿನಗಳಲ್ಲೇ, ನನ್ನ ತಂದೆಯವರು ತೀರ್ಥಹಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಅವರ ಕೈಚೀಲದಲ್ಲಿದ್ದದ್ದು ನನ್ನ ಕಡತ: ಅಮೆರಿಕದಲ್ಲಿರುವ ನಮ್ಮ ದೂತಾವಾಸದವರ ಮುದ್ರೆ ಬಿದ್ದ ಅಫಿಡವಿಟ್, ಪಾಸ್‌ಪೋರ್ಟಿನ ಪ್ರತಿಗಳು, ಮತ್ತು ನನಗೆ ಭಾರತಕ್ಕೆ ಮರಳುವ ಹೊಣೆಯೇನೂ ಇಲ್ಲವೆಂದು ಸರ್ಕಾರ ಬರೆದುಕೊಡಬೇಕೆಂಬ ಕೋರಿಕೆ. ಒಂದು ಕಚೇರಿಯಲ್ಲಿ ಆ ಕಡತವನ್ನು ತಿರುವಿ ಹಾಕಿದ ಸಿಬ್ಬಂದಿಯೊಬ್ಬರು, "ಮಗ ವಾಪಸ್ ಬರೋದು ಬೇಡ ಅಂತ ಅಪ್ಪನೇ ಅರ್ಜಿ ಹಿಡ್ಕೊಂಡು ಬಂದಿದ್ದೀರಲ್ಲ" ಎಂದರಂತೆ. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿದರೆಂದು ನನ್ನ ತಂದೆಯವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಿಲ್ಲ. ಆ ಮಾತು ಒಂದು ರೀತಿಯಲ್ಲಿ ನಿಜವೇ ಆಗಿತ್ತು. ಆ ವರ್ಷ ಔಷಧಿ ಹೊಡೆಸುವುದು ಎರಡು ವಾರ ತಡವಾಯಿತು. ಕಡತವು ಆ ಮೇಜಿನಿಂದ ಕದಲಲು ಏಳು ತಿಂಗಳು ಹಿಡಿಯಿತು.

ಈ ಪತ್ರವನ್ನು ನಾನು ಆ ಏಳು ತಿಂಗಳ ದೂರಿಗಾಗಿ ಬರೆಯುತ್ತಿಲ್ಲ. ಆ ಕೆಲಸ ಮುಗಿದು ಬಹಳ ಕಾಲವಾಯಿತು. ಆದರೆ ಈಚಿನ ಎರಡು ಬೆಳವಣಿಗೆಗಳಿಂದಾಗಿ, ಅಂದರೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಯಾವ ದೇಶಕ್ಕೆ ಯಾವ ಕೌಶಲ್ಯದ ಕೊರತೆಯಿದೆಯೆಂದು ಹೇಳುವ ತನ್ನ ಕೌಶಲ್ಯ ಪಟ್ಟಿಯಿಂದ ಭಾರತವನ್ನು ಕೈಬಿಟ್ಟಿದ್ದರಿಂದ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಅರ್ಜಿಗೆ ಒಂದು ಲಕ್ಷ ಡಾಲರಿನ ಹೊರೆ ಬಿದ್ದಿದ್ದರಿಂದ, ಜೆ-1 ವೀಸಾದಲ್ಲಿ ಹೋದವರ ಸ್ಥಿತಿ ತಲೆಕೆಳಗಾಗಿದೆ. ಹಾಗಿದ್ದೂ ನಮ್ಮ ಕಡೆಯ ನೀತಿ ಹತ್ತು ಹದಿನೈದು ವರ್ಷಗಳ ಹಿಂದೆ ಎಲ್ಲಿತ್ತೋ ಅಲ್ಲಿಯೇ ನಿಂತಿದೆ. ಅದನ್ನು ತಾವು ಮತ್ತೊಮ್ಮೆ ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುವುದೇ ಈ ಪತ್ರದ ಉದ್ದೇಶ.

ಸಾರ್ವಜನಿಕರೂ ಇದನ್ನು ಓದುವುದರಿಂದ ನಿಯಮವೇನೆಂದು ಮೊದಲು ಹೇಳಬೇಕು. ಜೆ-1 ಎಂಬುದು ವಿನಿಮಯ ಸಂದರ್ಶಕರಿಗೆ ಅಮೆರಿಕ ಕೊಡುವ ವೀಸಾ. ಸಂಶೋಧಕರು, ಪ್ರಾಧ್ಯಾಪಕರು, ವಿದ್ಯಾರ್ಥಿವೇತನ ಪಡೆದವರು, ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ತರಬೇತಿಗೆ ಹೋಗುವ ವೈದ್ಯರು ಮುಂತಾದವರು ಇದರಡಿ ಬರುತ್ತಾರೆ. ಕಲಿಯಲು ಬಂದವರು ಕಲಿತದ್ದನ್ನು ತಮ್ಮ ನಾಡಿಗೆ ಒಯ್ಯಬೇಕು ಎಂಬ ಎಣಿಕೆಯ ಮೇಲೆ 1948ರ ವಿನಿಮಯ ಕಾನೂನು ನಿಂತಿತ್ತು. ಬಂದವರಲ್ಲಿ ಹಲವರು ಹಿಂದಿರುಗದೆ ಅಲ್ಲಿಯೇ ನೆಲೆಸುತ್ತಿದ್ದಾರೆಂದು ಕಂಡ ಅಮೆರಿಕದ ಕಾಂಗ್ರೆಸ್ಸು 1956ರಲ್ಲಿ ಎರಡು ವರ್ಷದ ನಿಯಮವನ್ನು ತಂದಿತು. ಇಂದು ಅದು ಅವರ ವಲಸೆ ಕಾನೂನಿನ 212(ಇ) ಕಲಂ. ಈ ಕಲಮಿಗೆ ಒಳಪಟ್ಟವರು ತಮ್ಮ ದೇಶದಲ್ಲಿ ಒಟ್ಟು ಎರಡು ವರ್ಷ ಇದ್ದು ಬರುವ ತನಕ ಅವರಿಗೆ ಗ್ರೀನ್ ಕಾರ್ಡ್ ಇಲ್ಲ, ಉದ್ಯೋಗಕ್ಕೆ ಕೊಡುವ ಎಚ್ ವೀಸಾ ಇಲ್ಲ, ಎಲ್ ವೀಸಾ ಇಲ್ಲ.

ಯಾರು ಒಳಪಡುತ್ತಾರೆ? 1970ರ ತಿದ್ದುಪಡಿಯ ನಂತರ ಎರಡು ಬಗೆಯವರು: ಅಮೆರಿಕ ಸರ್ಕಾರದ ಅಥವಾ ಸ್ವದೇಶದ ಸರ್ಕಾರದ ಹಣದಿಂದ ಹೋದವರು, ಮತ್ತು ಸ್ವದೇಶಕ್ಕೆ ಕೊರತೆಯಿದೆಯೆಂದು ಪಟ್ಟಿ ಮಾಡಲಾದ ಕೌಶಲ್ಯಗಳನ್ನು ಉಳ್ಳವರು. ಆಮೇಲೆ 1977ರ ಜನವರಿಯಿಂದ ವೈದ್ಯಕೀಯ ಸ್ನಾತಕೋತ್ತರ ತರಬೇತಿಗೆ ಬರುವ ವೈದ್ಯರೆಲ್ಲರೂ, ಖರ್ಚು ಯಾರದೇ ಆಗಿರಲಿ, ಸೇರಿಕೊಂಡರು. ಎರಡು ವರ್ಷ ಎಂದರೆ ಬಿಡದೆ ಇರಬೇಕೆಂದಿಲ್ಲ, ಬಿಡಿಬಿಡಿಯಾಗಿ ಇದ್ದ ದಿನಗಳನ್ನೂ ಕೂಡಿಸಬಹುದು. ಆದರೆ ಸಿಂಗಪುರದಲ್ಲಿಯೋ ದುಬೈನಲ್ಲಿಯೋ ಕಳೆದ ದಿನಗಳು ಲೆಕ್ಕಕ್ಕಿಲ್ಲ. ಗಂಡನಿಗೋ ಹೆಂಡತಿಗೋ ನಿಯಮ ಅಂಟಿದ್ದರೆ ಕುಟುಂಬದವರಿಗೆ ಕೊಡುವ ಜೆ-2 ವೀಸಾದಲ್ಲಿ ಹೋದ ಸಂಗಾತಿಗೂ ಮಕ್ಕಳಿಗೂ ಅದು ಅಂಟುತ್ತದೆ. ಅಮೆರಿಕದ ಪ್ರಜೆಯನ್ನು ಮದುವೆಯಾದ ಮಾತ್ರಕ್ಕೆ ಅದು ಕಳಚಿ ಬೀಳುವುದಿಲ್ಲ. ಅಲ್ಲಿ ಮಗು ಹುಟ್ಟಿದರೂ ಅಷ್ಟೆ. ನಮ್ಮವರು ಆಗಾಗ ಇದನ್ನು ಇನ್ನೊಂದು ಎರಡು ವರ್ಷದ ನಿಯಮದೊಂದಿಗೆ ಬೆರೆಸಿಕೊಳ್ಳುತ್ತಾರೆ. ಸಂಶೋಧಕರ ವರ್ಗದಲ್ಲಿ ಒಮ್ಮೆ ಜೆ-1 ಮುಗಿಸಿದವರು ಅದೇ ವರ್ಗದಲ್ಲಿ ಮತ್ತೆ ಬರಲು 24 ತಿಂಗಳು ಕಾಯಬೇಕೆಂಬುದು ಬೇರೆಯೇ ನಿಯಮ. ಅದಕ್ಕೆ ಊರಿಗೆ ಮರಳಲೇಬೇಕೆಂಬ ಷರತ್ತಿಲ್ಲ, ಅದಕ್ಕೆ ವಿನಾಯಿತಿ ಕೇಳುವ ಅವಕಾಶವೂ ಇಲ್ಲ. ಮರಳುವ ನಿಯಮ ಅಂಟುತ್ತದೆಯೇ ಎಂದು ವೀಸಾದ ಮೇಲೆ ಮತ್ತು ವಿನಿಮಯ ಕಾರ್ಯಕ್ರಮದವರು ಕೊಡುವ ಡಿಎಸ್-2019 ನಮೂನೆಯ ಮೇಲೆ ಬಿದ್ದ ಟಿಪ್ಪಣಿಯೂ ಕೊನೆಯ ಮಾತಲ್ಲ. ಅದು ತಪ್ಪಿರಬಹುದು, ಅನುಮಾನವಿದ್ದವರು ಅಮೆರಿಕದ ವಿದೇಶಾಂಗ ಇಲಾಖೆಯ ಲಿಖಿತ ಅಭಿಪ್ರಾಯವನ್ನು ಕೇಳಿ ಪಡೆಯಬಹುದು.

ನನಗೆ ನಿಯಮ ಅಂಟಿದ್ದು ಕೌಶಲ್ಯ ಪಟ್ಟಿಯ ಮೂಲಕ. ನಾನು ಸಸ್ಯರೋಗಗಳನ್ನು ಅಭ್ಯಾಸ ಮಾಡುವವನು. 2013ರಲ್ಲಿ ಅಮೆರಿಕದ ಮಧ್ಯಪಶ್ಚಿಮದ ಒಂದು ವಿಶ್ವವಿದ್ಯಾಲಯಕ್ಕೆ ಸೋಯಾ ಅವರೆಯ ಬೇರು ಕೊಳೆಯುವ ರೋಗದ ಮೇಲೆ ಕೆಲಸ ಮಾಡಲು ಬಂದೆ. ಅದನ್ನು ತರುವ ಜೀವಿಯೂ ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವ ಜೀವಿಯೂ ಫೈಟಾಫ್ತೊರಾ ಎಂಬ ಒಂದೇ ಕುಲಕ್ಕೆ ಸೇರಿದವು. ಹಾಗಾಗಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ: 1956ರಲ್ಲಿ ಆ ಕಾನೂನು ಬರೆದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಅಂಥವನೇ ನಾನು. ಮರಳಬೇಕಾಗಿದ್ದವನೇ. ಮರಳಲಿಲ್ಲ. ಕಾರಣಗಳು ನನ್ನವು, ಅವುಗಳಲ್ಲಿ ಕೆಲವು ಒಳ್ಳೆಯವು, ಕೆಲವು ಸ್ವಾರ್ಥದವು. ಆದ್ದರಿಂದ ನಿಯಮವೇ ಅನ್ಯಾಯವೆಂದು ವಾದಿಸಲು ನನಗೆ ಬಾಯಿಲ್ಲ, ಮನಸ್ಸೂ ಇಲ್ಲ. ನಾನು ಕೇಳುವುದು ಇಷ್ಟು: ಮರಳುವ ಹೊಣೆಯನ್ನು ಹೇಳುವ ಆ ಒಪ್ಪಂದದಲ್ಲಿ ನಮ್ಮ ಸರ್ಕಾರಕ್ಕೂ ಒಂದು ಪಾಲಿದೆ, ಅದು ತನ್ನ ಪಾಲನ್ನು ಏನೆಂದು ತಿಳಿದುಕೊಂಡಿದೆ?

ವಿನಾಯಿತಿಗೆ ಅಮೆರಿಕದ ಕಾನೂನು ಐದು ದಾರಿಗಳನ್ನು ಇಟ್ಟಿದೆ. ಸ್ವದೇಶದ ಸರ್ಕಾರ ತನಗೆ ಆಕ್ಷೇಪವಿಲ್ಲವೆಂದು ಬರೆದುಕೊಡುವುದು ಒಂದು. ಅಮೆರಿಕದ ಕೇಂದ್ರ ಸರ್ಕಾರದ ಯಾವುದಾದರೂ ಸಂಸ್ಥೆ ಈ ವ್ಯಕ್ತಿ ನಮಗೆ ಬೇಕೆಂದು ಕೇಳುವುದು ಇನ್ನೊಂದು. ಮರಳಿದರೆ ಜನಾಂಗ, ಧರ್ಮ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಹಿಂಸೆಗೊಳಗಾಗುವ ಭಯ, ಅಮೆರಿಕದ ಪ್ರಜೆಯಾದ ಅಥವಾ ಗ್ರೀನ್ ಕಾರ್ಡ್ ಪಡೆದ ಸಂಗಾತಿಗೆ ಅಥವಾ ಮಗುವಿಗೆ ಅಸಾಧಾರಣ ಕಷ್ಟ, ಮತ್ತು ವೈದ್ಯರಿಗಷ್ಟೇ ಇರುವ ಕಾನ್ರಾಡ್ ಯೋಜನೆ, ಇವು ಉಳಿದವು. ಕಷ್ಟದ ಆಧಾರವೆಂದರೆ ಅಗಲಿಕೆಯ ನೋವನ್ನು ಹೇಳಿಕೊಂಡರೆ ಸಾಕೆಂದು ಹಲವರು ತಿಳಿಯುತ್ತಾರೆ, ಹಾಗಲ್ಲ. ಸಂಗಾತಿ ಜೊತೆಯಲ್ಲಿ ಹೊರಟರೂ ಕಷ್ಟ, ಉಳಿದರೂ ಕಷ್ಟ ಎಂಬುದನ್ನು ಎರಡನ್ನೂ ಸಾಧಿಸಿ ತೋರಿಸಬೇಕು.

ನಮ್ಮಂಥ ಸಂಶೋಧಕರಿಗೆ ಸಹಜವಾದ ದಾರಿ ಮೊದಲನೆಯದು. ಅಮೆರಿಕದ ಕಡೆಯಲ್ಲಿ ಅದು ಸರಳ. ಡಿಎಸ್-3035 ಅರ್ಜಿ ತುಂಬಿ 120 ಡಾಲರ್ ಶುಲ್ಕ ಕಟ್ಟಿದರಾಯಿತು. ವಾಷಿಂಗ್ಟನ್ನಿನ ಭಾರತೀಯ ರಾಯಭಾರ ಕಚೇರಿಯಿಂದ ಆಕ್ಷೇಪವಿಲ್ಲವೆಂಬ ಪತ್ರ ನೇರವಾಗಿ ಅಲ್ಲಿನ ವಿದೇಶಾಂಗ ಇಲಾಖೆಗೆ ಹೋಗುತ್ತದೆ, ಅವರ ಶಿಫಾರಸಿನ ಮೇಲೆ ವಲಸೆ ಇಲಾಖೆ ಅಂತಿಮ ಆದೇಶ ಕೊಡುತ್ತದೆ. ಆದರೆ ನಮ್ಮ ರಾಯಭಾರ ಕಚೇರಿ ಆ ಪತ್ರ ಕಳಿಸಬೇಕಾದರೆ ನಮ್ಮವರೆಲ್ಲ ನೋರಿ ಎಂದು ಕರೆಯುವ, 'ಭಾರತಕ್ಕೆ ಮರಳುವ ಹೊಣೆಯಿಲ್ಲ' ಎಂಬ ಪ್ರಮಾಣಪತ್ರ ಬೇಕು. ನಾನು ಅರ್ಜಿ ಹಾಕಿದಾಗ ಕೇಂದ್ರದ ಸಚಿವಾಲಯದ್ದು ಬೇಕಿತ್ತು, ರಾಜ್ಯ ಸರ್ಕಾರದ್ದು ಬೇಕಿತ್ತು, ಪಾಸ್‌ಪೋರ್ಟ್ ಕಚೇರಿಯದ್ದೂ ಬೇಕಿತ್ತು. ಒಬ್ಬರು ಇನ್ನೊಬ್ಬರ ಪತ್ರ ನೋಡದೆ ಮುಂದುವರಿಯರು, ಯಾರ ಬಳಿಯೂ ಇಂತಿಷ್ಟು ದಿನಗಳಲ್ಲಿ ಉತ್ತರ ಕೊಡುತ್ತೇವೆಂಬ ಮಾತಿಲ್ಲ. ಊರಿನಲ್ಲಿ ಓಡಾಡಲು ತಂದೆಯೋ ಅಣ್ಣನೋ ಇಲ್ಲದವರ ಅರ್ಜಿ ಎಲ್ಲಿ ಕೂತಿದೆಯೆಂದು ತಿಳಿಯುವ ಉಪಾಯವೂ ಇರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಪ್ರಮಾಣಪತ್ರದಿಂದ ಸರ್ಕಾರ ಅರ್ಜಿದಾರನಿಗೆ ಏನನ್ನೂ ಕೊಡುತ್ತಿಲ್ಲ. ಅಮೆರಿಕ ತನ್ನ ನೆಲದಲ್ಲಿ ಅವನನ್ನು ಇರಿಸಿಕೊಳ್ಳುವುದಕ್ಕೆ ತನ್ನ ಅಡ್ಡಿಯಿಲ್ಲವೆಂದಷ್ಟೇ ಹೇಳುತ್ತಿದೆ. ಅಡ್ಡಿ ಇದ್ದರೆ ಇದೆಯೆನ್ನಬಹುದು. ಈ ಸಂಶೋಧಕ ನಮಗೆ ಬೇಕು, ಇಂಥ ಕಡೆ ಹುದ್ದೆಯಿದೆ, ಬನ್ನಿ ಎಂದು ಬರೆಯುವ ಹಕ್ಕು ಸರ್ಕಾರಕ್ಕೆ ಪೂರ್ತಿಯಾಗಿ ಇದೆ. ನನ್ನ ಕಡತ ಹೋದ ಯಾವ ಮೇಜಿನ ಮೇಲೂ ಆ ಪ್ರಶ್ನೆ ಏಳಲಿಲ್ಲ. ಕೊಳೆರೋಗದ ಬಗ್ಗೆ ನಿನಗೇನು ಗೊತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ಪಾಸ್‌ಪೋರ್ಟಿನ ಹಳೆಯ ಪುಟದ ಪ್ರತಿ, ನೋಟರಿಯ ಮೊಹರು, ಮತ್ತೆ ಪಾಸ್‌ಪೋರ್ಟಿನ ಹಳೆಯ ಪುಟದ ಪ್ರತಿ. ಮರಳುವ ಹೊಣೆಯನ್ನು ಅಳೆಯಲೆಂದು ಇಟ್ಟ ಪ್ರಕ್ರಿಯೆಯಲ್ಲಿ ಅಳತೆಯೇ ಇರಲಿಲ್ಲ, ತಡ ಮಾತ್ರ ಇತ್ತು.

2024ರ ಡಿಸೆಂಬರ್ 9ರಂದು ಈ ಚಿತ್ರ ಬದಲಾಯಿತು. 1972ರಲ್ಲಿ ಮೊದಲು ಹೊರಬಂದು, ಕೊನೆಯದಾಗಿ 2009ರಲ್ಲಿ ಪರಿಷ್ಕಾರಗೊಂಡಿದ್ದ ಕೌಶಲ್ಯ ಪಟ್ಟಿಯನ್ನು ಅಮೆರಿಕ ಮತ್ತೆ ತಿದ್ದಿ, ಭಾರತ, ಚೀನಾ, ದಕ್ಷಿಣ ಕೊರಿಯಾ, ಬ್ರೆಜಿಲ್, ಸೌದಿ ಅರೇಬಿಯಾ ಮುಂತಾದ ದೇಶಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಹಿಂದೆಯೇ ಬಂದವರಿಗೂ ಅದು ಅನ್ವಯಿಸಿದ್ದರಿಂದ, ಕೌಶಲ್ಯ ಪಟ್ಟಿಯೊಂದರಿಂದಲೇ ಕಟ್ಟಿಹಾಕಲ್ಪಟ್ಟಿದ್ದ ಭಾರತೀಯರೆಲ್ಲ ಒಂದೇ ದಿನದಲ್ಲಿ ಬಿಡುಗಡೆಯಾದರು. ನಾನು ಏಳು ತಿಂಗಳು ಕಾದು ಪಡೆದದ್ದು ಅವರಿಗೆ ಬೆಳಗಾಗುವಷ್ಟರಲ್ಲಿ ಸಿಕ್ಕಿತು. ಹೊಟ್ಟೆಕಿಚ್ಚೆಂದು ತಿಳಿಯಬೇಡಿ; ಅಂದು ಅವರಲ್ಲಿ ಇಬ್ಬರಿಗೆ ನಾನೇ ಫೋನು ಮಾಡಿ ಹೇಳಿದೆ.

ಆದ್ದರಿಂದ ಈಗ ಎರಡು ವರ್ಷದ ನಿಯಮದಡಿ ಉಳಿದಿರುವ ಭಾರತೀಯರು ಮುಖ್ಯವಾಗಿ ಎರಡು ಗುಂಪಿನವರು: ಫುಲ್‌ಬ್ರೈಟ್-ನೆಹರು ವಿದ್ಯಾರ್ಥಿವೇತನದಂತಹ ಸರ್ಕಾರಿ ಹಣದಲ್ಲಿ ಹೋದವರು, ಮತ್ತು ರೆಸಿಡೆನ್ಸಿಗೆ ಹೋದ ವೈದ್ಯರು. ಇವರಿಬ್ಬರ ವಿಷಯದಲ್ಲಿ ಭಾರತ ಹೊರಗಿನವನಲ್ಲ. ಎರಡು ದೇಶಗಳ ನಡುವಿನ ಫುಲ್‌ಬ್ರೈಟ್ ಒಪ್ಪಂದಕ್ಕೆ 1950ರಲ್ಲಿ ಸಹಿ ಬಿತ್ತು, 2008ರ ಹೊಸ ಒಪ್ಪಂದದಿಂದ ಭಾರತ ಸಮಪಾಲಿನ ಹಣ ಹಾಕುವ ಪಾಲುದಾರನಾಗಿ ನೆಹರೂ ಅವರ ಹೆಸರು ಅದಕ್ಕೆ ಸೇರಿತು. ಜನರ ತೆರಿಗೆಯ ಹಣದಲ್ಲಿ ಕಲಿತವರು ಎರಡು ವರ್ಷ ನಾಡಿನಲ್ಲಿರಲಿ ಎನ್ನುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಈ ಗುಂಪಿಗೆ ಆಕ್ಷೇಪವಿಲ್ಲವೆಂಬ ಪತ್ರ ತಂದರೂ ಅಮೆರಿಕ ವಿನಾಯಿತಿ ಕೊಡುವುದು ಅಪರೂಪ. ಅಲ್ಲಿ ದೊಡ್ಡ ತಕರಾರಿಲ್ಲ.

ತಕರಾರು ಇರುವುದು ವೈದ್ಯರ ವಿಷಯದಲ್ಲಿ, ಮತ್ತು ಅದನ್ನು ಸ್ವಲ್ಪ ವಿವರವಾಗಿ ಬರೆಯುವುದಕ್ಕೆ ಅನುಮತಿ ಬೇಡುತ್ತೇನೆ.

ರೆಸಿಡೆನ್ಸಿಗಾಗಿ ಜೆ-1 ಕೇಳುವ ಪ್ರತಿಯೊಬ್ಬ ಭಾರತೀಯ ವೈದ್ಯ ಅಥವಾ ವೈದ್ಯೆ ಕೇಂದ್ರ ಆರೋಗ್ಯ ಸಚಿವಾಲಯದಿಂದ ಒಂದು ಅಗತ್ಯ ಹೇಳಿಕೆಯನ್ನು ತರಬೇಕು. ಇಂಥ ವೈದ್ಯಕೀಯ ವಿಭಾಗದಲ್ಲಿ ಪರಿಣತರು ನಮ್ಮ ದೇಶಕ್ಕೆ ಬೇಕಾಗಿದ್ದಾರೆ, ತರಬೇತಿ ಮುಗಿಸಿ ಮರಳುತ್ತೇನೆಂದು ಈ ವೈದ್ಯರು ಬರೆದುಕೊಟ್ಟಿದ್ದಾರೆ ಎಂಬುದು ಅದರ ಸಾರ. ನನ್ನ ಅಕ್ಕನ ಮಗಳು ಮಕ್ಕಳ ರೋಗಗಳ ವಿಭಾಗಕ್ಕೆ ಹೋಗುವಾಗ ಅಂಥದ್ದೇ ಪತ್ರ ತಂದಳು. ಅದರಲ್ಲಿ ಅವಳ ಸಹಿಯಿತ್ತು, ಭಾರತ ಸರ್ಕಾರದ ಮೊಹರಿತ್ತು. ಮೂರು ವರ್ಷದ ರೆಸಿಡೆನ್ಸಿ ಮುಗಿಯುವ ಹೊತ್ತಿಗೆ ಅವಳಿಗೆ ಅಮೆರಿಕದ ಆರು ಸಣ್ಣ ಊರುಗಳ ಆಸ್ಪತ್ರೆಗಳಿಂದ ಕರೆ ಬಂದಿತ್ತು. ಭಾರತದಿಂದ ಒಂದೂ ಬರಲಿಲ್ಲ. ಬರಬೇಕೆಂದು ಅವಳೂ ನಿರೀಕ್ಷಿಸಿರಲಿಲ್ಲ, ಏಕೆಂದರೆ ಆ ಪತ್ರ ಕೊಟ್ಟ ವ್ಯವಸ್ಥೆಗೆ ಅವಳ ತರಬೇತಿ ಯಾವಾಗ ಮುಗಿಯುತ್ತದೆಂದು ನೆನಪಿಡುವ ಯಾವ ಏರ್ಪಾಡೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಆ ಸಣ್ಣ ಊರುಗಳು ಕರೆದದ್ದು ಕಾನ್ರಾಡ್ ಯೋಜನೆಯಡಿಯಲ್ಲಿ. ನಾರ್ತ್ ಡಕೋಟದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಾಡ್ ಅವರು ತಮ್ಮ ರಾಜ್ಯದ ಹಳ್ಳಿಗಳಿಗೆ ವೈದ್ಯರು ಸಿಗುತ್ತಿಲ್ಲವೆಂದು 1994ರಲ್ಲಿ ಇದನ್ನು ತಂದರು. ಮೊದಲು ರಾಜ್ಯಕ್ಕೆ ವರ್ಷಕ್ಕೆ 20 ವಿನಾಯಿತಿಗಳಿದ್ದವು, 2002ರಿಂದ 30 ಆದವು. ವೈದ್ಯರ ಕೊರತೆಯಿರುವ ಪ್ರದೇಶವೆಂದು ಗುರುತಿಸಿದ ಕಡೆ, ವಾರಕ್ಕೆ 40 ಗಂಟೆಯಂತೆ, ಮೂರು ವರ್ಷ ದುಡಿಯುವೆನೆಂದು ಒಪ್ಪಂದ ಬರೆದುಕೊಟ್ಟರೆ ಎರಡು ವರ್ಷದ ನಿಯಮ ಮನ್ನಾ ಆಗುತ್ತದೆ, ವಿನಾಯಿತಿ ಸಿಕ್ಕ 90 ದಿನಗಳೊಳಗೆ ಕೆಲಸಕ್ಕೆ ಸೇರಬೇಕಾಗುತ್ತದೆ. ಎಚ್-1ಬಿಯ ವಾರ್ಷಿಕ ಮಿತಿಯೂ ಅವರಿಗೆ ಅಡ್ಡ ಬರುವುದಿಲ್ಲ. ಈ ಯೋಜನೆ ಶಾಶ್ವತವಲ್ಲ, ಮತ್ತೆ ಮತ್ತೆ ಅವಧಿ ವಿಸ್ತರಿಸಿಕೊಳ್ಳುತ್ತಲೇ ಮೂವತ್ತು ವರ್ಷ ಬಾಳಿದೆ. ಹಾಗಿದ್ದೂ ನೋಡಿ, ಎಷ್ಟು ನಿಖರವಾದ ವ್ಯವಸ್ಥೆ: ಯಾವ ಊರು, ಯಾವ ಆಸ್ಪತ್ರೆ, ಯಾವ ವಿಭಾಗ, ಎಷ್ಟು ಗಂಟೆ, ಎಂದಿನಿಂದ ಎಂದಿನವರೆಗೆ, ಎಲ್ಲವೂ ಕಾಗದದ ಮೇಲಿದೆ. ಅಗತ್ಯ ಹೇಳಿಕೆ ಬರೆದುಕೊಟ್ಟದ್ದು ನಾವು, ಅಗತ್ಯವನ್ನು ಅಳೆದದ್ದು ಅವರು.

ಕರ್ನಾಟಕದವರಾದ ನಮಗೆ ಇದರಲ್ಲಿ ಇನ್ನೂ ಒಂದು ಕಹಿ ಇದೆ. ವೈದ್ಯಕೀಯ ಕೋರ್ಸು ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕಡ್ಡಾಯ ಸೇವೆ ಸಲ್ಲಿಸಬೇಕೆಂದು ನಮ್ಮ ರಾಜ್ಯ 2012ರಲ್ಲಿ ಕಾನೂನು ಮಾಡಿತು. ಅದರ ಬಗ್ಗೆ ಎಷ್ಟು ಜಗಳ, ಎಷ್ಟು ಕೋರ್ಟು ಕಟ್ಟೆಗಳಾದವೆಂಬುದು ತಮಗೆ ಗೊತ್ತು. ಅದೇ ಮಕ್ಕಳು ಇಲ್ಲಿ ಅಮೆರಿಕಕ್ಕೆ ಬಂದು, ಹತ್ತಿರದ ಪೇಟೆಗೆ ಹೋಗಲು ಒಂದೂವರೆ ಗಂಟೆ ಕಾರು ಓಡಿಸಬೇಕಾದ ಊರಿನಲ್ಲಿ, ಹಿಮ ಬೀಳುವ ಆರು ತಿಂಗಳನ್ನೂ ಸೇರಿಸಿ, ಮೂರು ವರ್ಷ ದುಡಿಯಲು ಸಾಲುಗಟ್ಟಿ ನಿಲ್ಲುತ್ತಾರೆ. ಅವರು ಹಳ್ಳಿಗೆ ಹೆದರುವವರಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಲ್ಲಿನ ಹಳ್ಳಿಯ ಆಸ್ಪತ್ರೆಯಲ್ಲಿ ನರ್ಸುಗಳಿದ್ದಾರೆ, ಔಷಧಿಯಿದೆ, ಎಕ್ಸ್-ರೇ ಯಂತ್ರ ಕೆಲಸ ಮಾಡುತ್ತದೆ, ಸಂಬಳ ಹೊತ್ತಿಗೆ ಬರುತ್ತದೆ, ಮೂರು ವರ್ಷದ ಕೊನೆಯಲ್ಲಿ ಗ್ರೀನ್ ಕಾರ್ಡಿನ ಬಾಗಿಲಿದೆ. ಗ್ರೀನ್ ಕಾರ್ಡನ್ನು ನಾವು ಕೊಡಲಾರೆವು. ಉಳಿದ ನಾಲ್ಕನ್ನು ಕೊಡಬಲ್ಲೆವು.

ಇನ್ನು ಆರೋಗ್ಯ ಸಚಿವಾಲಯದ 2011ರ ನಿರ್ಧಾರದ ಬಗ್ಗೆ. 65 ವರ್ಷ ಮೀರಿದವರನ್ನು ಬಿಟ್ಟು ಬೇರಾವ ವೈದ್ಯರಿಗೂ ನೋರಿ ಕೊಡುವುದಿಲ್ಲವೆಂದು ಆಗ ತೀರ್ಮಾನವಾಯಿತು. ವೈದ್ಯರ ವಲಸೆಯನ್ನು ತಡೆಯುವುದು ಅದರ ಉದ್ದೇಶವಾಗಿತ್ತು, ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಆ ಬೀಗ ಯಾವ ಬಾಗಿಲಿಗೆ ಬಿತ್ತೆಂದು ನೋಡಬೇಕು. ರೆಸಿಡೆನ್ಸಿ ತರಬೇತಿಯಿಂದ ನಿಯಮಕ್ಕೆ ಒಳಪಟ್ಟ ವೈದ್ಯರು ಸ್ವದೇಶದ ಆಕ್ಷೇಪರಹಿತ ಪತ್ರದ ಆಧಾರದ ಮೇಲೆ ವಿನಾಯಿತಿ ಪಡೆಯಲು ಅಮೆರಿಕದ ಕಾನೂನಿನಲ್ಲೇ ಅವಕಾಶವಿಲ್ಲ. ಸ್ವದೇಶದ ಸರ್ಕಾರದೊಂದಿಗೆ ಕರಾರು ಮಾಡಿಕೊಂಡು ಹೋದವರನ್ನು ಬಿಟ್ಟರೆ, ಕಾನ್ರಾಡ್ ದಾರಿಯಲ್ಲಿ ಹೋಗುವವರಿಗೆ ಭಾರತದ ಪತ್ರ ಬೇಕಾಗುವುದಿಲ್ಲ. ಅಂದರೆ ರೋಗಿಗಳನ್ನು ನೋಡುವ ವೈದ್ಯರು ಸಚಿವಾಲಯದ ಆ ಬೀಗವನ್ನು ಮುಟ್ಟದೆಯೇ ಹೊರಗೆ ಹೋದರು. ಸಿಕ್ಕಿಬಿದ್ದವರು ಎಂಬಿಬಿಎಸ್ ಓದಿ, ಚಿಕಿತ್ಸೆಯನ್ನು ಬಿಟ್ಟು, ಕ್ಯಾನ್ಸರ್ ಜೀವಶಾಸ್ತ್ರವೋ ಸಾರ್ವಜನಿಕ ಆರೋಗ್ಯದ ಸಂಖ್ಯಾಶಾಸ್ತ್ರವೋ ಮಾಡಲು ಪ್ರಯೋಗಾಲಯಗಳಿಗೆ ಹೋದವರು. ಅವರು ಸಂಶೋಧಕರಾಗಿಯೇ ಬಂದಿದ್ದರು, ಕೌಶಲ್ಯ ಪಟ್ಟಿಯಿಂದ ನಿಯಮಕ್ಕೆ ಒಳಪಟ್ಟಿದ್ದರು, ಪಕ್ಕದ ಮೇಜಿನ ಎಂಎಸ್ಸಿ ಓದಿದ ಸಹೋದ್ಯೋಗಿಗೆ ಸಿಕ್ಕ ಪ್ರಮಾಣಪತ್ರ ಅವರಿಗೆ ಸಿಗುತ್ತಿರಲಿಲ್ಲ. 2024ರ ಡಿಸೆಂಬರ್‌ನ ನಂತರ ಅವರೂ ಬಹುಪಾಲು ಬಿಡುಗಡೆಯಾದರು. ಈಗ ಬಾಗಿಲಿಲ್ಲದ ಗೋಡೆಗೆ ಬೀಗ ಜೋತುಬಿದ್ದಿದೆ. ಅದನ್ನು ತೆಗೆಯಿರಿ, ಇಲ್ಲವೇ ಅದು ಯಾರನ್ನು ತಡೆಯುತ್ತಿದೆಯೆಂದು ಲೆಕ್ಕ ಕೊಡಿ.

ಮರಳಿ ಬಂದವರ ಮಾತಿಗೆ ಬರುತ್ತೇನೆ, ಏಕೆಂದರೆ ನಿಯಮವನ್ನು ಮಾಡಿದ್ದೇ ಅವರಿಗಾಗಿ. ನನ್ನ ಗೆಳೆಯನೊಬ್ಬ ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಬಂದವನು, ಮಣ್ಣಿನ ನೀರಿನ ಮೇಲೆ ಕೆಲಸ ಮಾಡುವವನು, ಅವಧಿ ಮುಗಿದ ಕೂಡಲೇ ಧಾರವಾಡಕ್ಕೆ ಮರಳಿದ. ಎರಡು ವರ್ಷಕ್ಕಿಂತ ಹೆಚ್ಚೇ ಇದ್ದ. ಅವನ ಪಾಸ್‌ಪೋರ್ಟಿನ ಮೊಹರುಗಳನ್ನು ಕೂಡಿಸಿ ದಿನ ಲೆಕ್ಕ ಹಾಕಿಟ್ಟ ಪುಸ್ತಕವನ್ನು ನಾನು ನೋಡಿದ್ದೇನೆ, ದಿನಸಿ ಅಂಗಡಿಯ ಉದ್ರಿ ಪುಸ್ತಕದ ಹಾಗಿತ್ತು. ಮರಳುವ ವಿಜ್ಞಾನಿಗಳಿಗೆಂದು ರಾಮಲಿಂಗಸ್ವಾಮಿ ಮತ್ತು ರಾಮಾನುಜನ್ ಫೆಲೋಶಿಪ್‌ಗಳು ಇವೆ, ಅವು ಒಳ್ಳೆಯ ಯೋಜನೆಗಳು. ಅವುಗಳಿಂದ ಬಂದು ಬೆಂಗಳೂರಿನಲ್ಲಿ ಪ್ರಯೋಗಾಲಯ ಕಟ್ಟಿದವರನ್ನು ನಾನು ಬಲ್ಲೆ. ಆದರೆ ಅವು ಕೆಲವರಿಗೆ, ಸ್ಪರ್ಧೆಯಲ್ಲಿ ಗೆದ್ದವರಿಗೆ. ನನ್ನ ಗೆಳೆಯ ಗೆಲ್ಲಲಿಲ್ಲ, ಅತಿಥಿ ಉಪನ್ಯಾಸಕನಾಗಿ ಎರಡು ವರ್ಷ ಪಾಠ ಹೇಳಿದ. ಕಾನೂನು ಕೇಳಿದ್ದನ್ನು ಅವನು ಅಕ್ಷರಶಃ ಪಾಲಿಸಿದ.

2025ರಲ್ಲಿ ಅಮೆರಿಕದ ಒಂದು ವಿಭಾಗ ಅವನಿಗೆ ಕಾಯಂ ಅಧ್ಯಾಪಕ ಹುದ್ದೆಯ ಮಾತನಾಡಿತು. ಅಂಥ ಹುದ್ದೆಗೆ ಜೆ-1 ನಡೆಯುವುದಿಲ್ಲ, ಎಚ್-1ಬಿ ಬೇಕು. ಅದೇ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರ ಘೋಷಣೆ ಬಂತು: ಹೊರದೇಶದಲ್ಲಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್. ಅಮೆರಿಕದೊಳಗೆ ಇದ್ದುಕೊಂಡೇ ವೀಸಾ ಸ್ಥಿತಿಯನ್ನು ಬದಲಿಸಿಕೊಳ್ಳುವವರಿಗೆ ಅದು ಬೇಡವೆಂದು ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟಪಡಿಸಿತು. ಘೋಷಣೆಯ ಅವಧಿ 12 ತಿಂಗಳೆಂದು ಬರೆದಿದ್ದರೂ ವಿಸ್ತರಿಸಬಹುದು. ವಿಭಾಗ ಕೈಚೆಲ್ಲಿತು.

ಇದರ ಅರ್ಥವನ್ನು ತಾವು ದಯವಿಟ್ಟು ಒಂದು ಕ್ಷಣ ಯೋಚಿಸಬೇಕು. ವಿನಾಯಿತಿ ಪಡೆದು ಊರಿಗೆ ಬರದೆ ಉಳಿದ ನನ್ನಂಥವನಿಗಾಗಿಯಾದರೆ ಕೆಲಸ ಕೊಡುವವರು ಆ ಹಣ ಕಟ್ಟಬೇಕಾಗಿರಲಿಲ್ಲ. ಕೊಟ್ಟ ಮಾತಿಗೆ ತಪ್ಪದೆ ಎರಡು ವರ್ಷ ನಾಡಿನಲ್ಲಿದ್ದು ಬಂದವನಿಗಾಗಿ ಕಟ್ಟಬೇಕು. ಒಂದೇ ದೇಶದ ಒಂದು ಕಾನೂನು ಹೋಗು ಎನ್ನುತ್ತದೆ, ಇನ್ನೊಂದು ಆದೇಶ ಹೋದದ್ದಕ್ಕೆ ದಂಡ ಹಾಕುತ್ತದೆ. ಇನ್ನು ಮುಂದೆ ಯಾವ ಜಾಣನು ಮರಳುತ್ತಾನೆ? ಮರಳುವವರನ್ನು ಬಯಸುವ ಭಾರತ ಸರ್ಕಾರಕ್ಕೆ ಇದು ಅಮೆರಿಕದ ಒಳಗಿನ ವಿಷಯವೆಂದು ಸುಮ್ಮನಿರುವ ಅನುಕೂಲವಿಲ್ಲ. 2008ರ ಫುಲ್‌ಬ್ರೈಟ್ ಒಪ್ಪಂದದಲ್ಲಿ ಸಮಪಾಲುದಾರನಾದ ಮೇಲೆ, ಎರಡು ವರ್ಷದ ನಿಯಮವನ್ನು ಪೂರೈಸಿದವರಿಗೆ ಆ ಶುಲ್ಕ ಬೇಡವೆಂದು ಕೇಳುವ ನೆಲೆ ನಮಗಿದೆ. ಆ ಘೋಷಣೆಯಲ್ಲಿ ರಾಷ್ಟ್ರಹಿತದ ವಿನಾಯಿತಿಗೆ ಜಾಗವೂ ಇದೆ. ವಿದೇಶಾಂಗ ಸಚಿವಾಲಯ ಈ ಒಂದು ಮಾತನ್ನು, ಎಚ್-1ಬಿಯ ದೊಡ್ಡ ಗದ್ದಲದಿಂದ ಬೇರ್ಪಡಿಸಿ, ಪ್ರತ್ಯೇಕವಾಗಿ ಎತ್ತಬೇಕೆಂಬುದು ನನ್ನ ಮೊದಲ ಕೋರಿಕೆ.

ಶಿಕ್ಷಣ ಸಚಿವಾಲಯಕ್ಕೂ ಕರ್ನಾಟಕ ಸರ್ಕಾರಕ್ಕೂ ನನ್ನ ಕೋರಿಕೆ ಚಿಕ್ಕದು. ನೋರಿ ಬೇಕಾದವರ ಸಂಖ್ಯೆ ಕೌಶಲ್ಯ ಪಟ್ಟಿ ಬದಲಾದ ಮೇಲೆ ಇಳಿದಿರಲೇಬೇಕು. ಉಳಿದ ಅರ್ಜಿಗಳಿಗೆ 60 ದಿನಗಳ ಗಡುವು ಹಾಕಿಕೊಳ್ಳಿ. ಕೊಡುವುದಿಲ್ಲವಾದರೆ ಕಾರಣವನ್ನು ಬರೆದು ತಿಳಿಸಿ. ಕೇಂದ್ರ ಮತ್ತು ರಾಜ್ಯ ಒಂದೇ ಅರ್ಜಿಯನ್ನು ನೋಡುವಂತೆ ಮಾಡಿ. ನಮ್ಮ ರಾಜ್ಯದಲ್ಲಿ ಸಕಾಲ ಕಾಯ್ದೆ 2011ರಿಂದ ಇದೆ, ಗಡುವಿನೊಳಗೆ ಸೇವೆ ಕೊಡದ ಅಧಿಕಾರಿ ಅರ್ಜಿದಾರನಿಗೆ ದಿನಕ್ಕಿಷ್ಟೆಂದು ಪರಿಹಾರ ಕೊಡಬೇಕೆಂಬುದು ಅದರಲ್ಲೇ ಇದೆ. ರಾಜ್ಯದ ಪಾಲಿನ ಪತ್ರವನ್ನು ಆ ಕಾಯ್ದೆಯ ಪಟ್ಟಿಗೆ ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. ಯಾವ ಕಚೇರಿಗೆ ಏನನ್ನು ಕೊಡಬೇಕೆಂಬುದನ್ನು ಕನ್ನಡದಲ್ಲಿ ಒಂದು ಪುಟವಾಗಿ ಪ್ರಕಟಿಸಿದರೆ ತೀರ್ಥಹಳ್ಳಿಯಿಂದಲೋ ಸಿಂಧನೂರಿನಿಂದಲೋ ಬಸ್ಸು ಹತ್ತುವ ತಂದೆತಾಯಿಗಳಿಗೆ ಉಪಕಾರವಾಗುತ್ತದೆ.

ಆರೋಗ್ಯ ಸಚಿವಾಲಯಕ್ಕೆ ನನ್ನ ಕೋರಿಕೆ ದೊಡ್ಡದು. ಅಗತ್ಯ ಹೇಳಿಕೆ ಕೊಡುವಾಗ ಆ ವೈದ್ಯರ ಹೆಸರು, ವಿಭಾಗ, ತರಬೇತಿ ಮುಗಿಯುವ ವರ್ಷ ಎಲ್ಲವೂ ತಮ್ಮ ಕೈಯಲ್ಲಿ ಇರುತ್ತವೆ. ಆ ಪಟ್ಟಿಯನ್ನು ಇಟ್ಟುಕೊಂಡು, ತರಬೇತಿ ಮುಗಿಯುವ ಒಂದು ವರ್ಷ ಮೊದಲು ಅವರಿಗೆ ಪತ್ರ ಬರೆಯಿರಿ. ಇಂಥ ರಾಜ್ಯದ ಇಂಥ ಜಿಲ್ಲಾ ಆಸ್ಪತ್ರೆಯಲ್ಲಿ, ಇಂಥ ಸಂಬಳಕ್ಕೆ, ಎರಡು ವರ್ಷದ ಹುದ್ದೆಯಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ಅಮೆರಿಕದ ಸ್ನಾತಕೋತ್ತರ ವೈದ್ಯಕೀಯ ಅರ್ಹತೆಗೆ ನಮ್ಮಲ್ಲಿ ಮಾನ್ಯತೆ ಸಿಕ್ಕಿ ವರ್ಷಗಳಾಗಿರುವುದರಿಂದ ಅದೊಂದು ಅಡ್ಡಿ ಈಗಿಲ್ಲ. ಎರಡೇ ವರ್ಷದ ಹುದ್ದೆಯೆಂದರೆ ನಗಬೇಡಿ. ಎರಡು ವರ್ಷ ಇದ್ದು ಹೋದವರಲ್ಲಿ ಕೆಲವರು ಉಳಿಯುತ್ತಾರೆ, ಹೋದವರು ಮಾಡಿಟ್ಟು ಹೋದ ನವಜಾತ ಶಿಶು ಘಟಕ ಉಳಿಯುತ್ತದೆ. ಕರ್ನಾಟಕ ಇದನ್ನು ಕೇಂದ್ರಕ್ಕೆ ಕಾಯದೆಯೇ, ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಂದ ಆರಂಭಿಸಬಹುದು.

ನನ್ನ ಅಕ್ಕನ ಮಗಳಿಗೆ ಹೋದ ವಾರ ಈ ಪತ್ರದ ಕರಡನ್ನು ಓದಿ ಹೇಳಿದೆ. ಅವಳ ಮೂರು ವರ್ಷದ ಒಪ್ಪಂದ ಬರುವ ಚೈತ್ರಕ್ಕೆ ಮುಗಿಯುತ್ತದೆ. ರಾಯಚೂರಿನಿಂದ ಅಂಥ ಪತ್ರ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಗೊತ್ತಿಲ್ಲ ಮಾವ, ಓದಂತೂ ಓದ್ತಿದ್ದೆ" ಎಂದಳು.

ತಮ್ಮ ಉತ್ತರಕ್ಕಾಗಿ ಕಾಯುವ,

ಮೂಲತಃ ತೀರ್ಥಹಳ್ಳಿ ತಾಲ್ಲೂಕಿನವನಾದ,
ಸದ್ಯ ಅಮೆರಿಕದಲ್ಲಿರುವ ಒಬ್ಬ ಸಸ್ಯರೋಗ ಸಂಶೋಧಕ